ಗಡಿಯಾರ ಹನ್ನೆರಡಕ್ಕೆ ಹೋಗುತ್ತಿದ್ದರೆ ಸೆಟ್ ಬದಲಿಸಬೇಡಿ

ಪ್ರಶ್ನೆ: ನನ್ನದು 2017ರ ಸಣ್ಣ ಪೆಟ್ರೋಲ್ ಕಾರು. ಶಿರಸಿಯ ಹತ್ತಿರದ ಹಳ್ಳಿಯಿಂದ ವಾರಕ್ಕೆ ಎರಡು ಸಲ ಕುಮಟಾಕ್ಕೆ ಹೋಗಿಬರುತ್ತೇನೆ. ಕಳೆದ ಮಳೆಗಾಲದಿಂದ ಕಂಪನಿಯಲ್ಲೇ ಅಳವಡಿಸಿ ಬಂದ ಸ್ಟೀರಿಯೋ ಸತಾಯಿಸುತ್ತಿದೆ. ದೇವಿಮನೆ ಘಟ್ಟದ ಹೊಂಡಗಳಲ್ಲಿ ತಟ್ಟನೆ ಆರಿ, ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಹೊತ್ತಿಕೊಳ್ಳುತ್ತದೆ. ಆಗ ಅದರ ಪರದೆಯ ಗಡಿಯಾರ 12:00ಕ್ಕೆ ಹೋಗಿರುತ್ತದೆ. ಚಾಲಕನ ಬಾಗಿಲಿನ ಸ್ಪೀಕರ್ ಹೆಚ್ಚಾಗಿ ಮೂಕವಾಗಿರುತ್ತದೆ, ಬಾಗಿಲು ತೆರೆದಾಗ ಒಮ್ಮೊಮ್ಮೆ ಹಾಡುತ್ತದೆ. ಎಫ್‌ಎಂ ಈಗ ಪೇಟೆಯಲ್ಲೂ ಸರಿಯಾಗಿ ಹಿಡಿಯುವುದಿಲ್ಲ. ಶೋರೂಮಿನಲ್ಲಿ ಇಡೀ ಸೆಟ್ ಬದಲಿಸಬೇಕೆಂದು ಹೇಳಿದರು. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ 9 ಇಂಚಿನ ಆಂಡ್ರಾಯ್ಡ್ ಪರದೆ ಹಾಕಿಕೊಡುತ್ತೇವೆ ಎನ್ನುತ್ತಿದ್ದಾರೆ. ಯಾವುದು ಸರಿ?

ಉತ್ತರ: ಹುಬ್ಬಳ್ಳಿಗೆ ಇನ್ನೂ ಹೊರಡಬೇಡಿ. ನಿಮ್ಮ ಪ್ರಶ್ನೆಯಲ್ಲಿ ನೀವೇ ಎರಡು ಸಾಕ್ಷಿ ಒದಗಿಸಿದ್ದೀರಿ. ಹನ್ನೆರಡಕ್ಕೆ ಹೋಗುವ ಗಡಿಯಾರ, ಬಾಗಿಲು ತೆರೆದಾಗ ಹಾಡುವ ಸ್ಪೀಕರ್. ಎರಡೂ ಸೆಟ್ಟಿನ ಹೊರಗಿನ ಕಡೆಗೇ ಬೆರಳು ತೋರಿಸುತ್ತಿವೆ. ಈ ಹಂತದಲ್ಲಿ ಹೊಸ ಸೆಟ್ ಹಾಕಿಸುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಇಲ್ಲಿ ಇನ್ನೂ ಒಂದು ಹೆಚ್ಚಿನ ತಮಾಷೆಯೆಂದರೆ, ಮೂಗು ಹೋದರೂ ನೆಗಡಿ ಉಳಿಯುತ್ತದೆ. ಹೊಸ ಸೆಟ್ಟೂ ಅದೇ ತಂತಿಯಿಂದಲೇ ಉಣ್ಣಬೇಕಲ್ಲ.

ಮೊದಲು ಗಡಿಯಾರದ ವಿಚಾರ. ಕಾರಿನ ಸ್ಟೀರಿಯೋಗೆ ವಿದ್ಯುತ್ ಎರಡು ದಾರಿಯಲ್ಲಿ ಬರುತ್ತದೆ. ಒಂದು ತಂತಿ ಬ್ಯಾಟರಿಯಿಂದ ಫ್ಯೂಸ್ ಮೂಲಕ ನೇರವಾಗಿ ಬಂದದ್ದು. ಕೀಲಿ ತೆಗೆದು ಮನೆಗೆ ಹೋಗಿ ಮಲಗಿದರೂ ಅದರಲ್ಲಿ 12 ವೋಲ್ಟ್ ಇದ್ದೇ ಇರುತ್ತದೆ. ಗಡಿಯಾರ ನಡೆಯುವುದು, ಸೆಟ್ಟಿನ ನೆನಪು ಉಳಿಯುವುದು ಇದರಿಂದ. ಹಾಡಿಗೆ ಬೇಕಾದ ದಪ್ಪ ಕರೆಂಟನ್ನೂ ಸೆಟ್ ಎಳೆದುಕೊಳ್ಳುವುದು ಇಲ್ಲಿಂದಲೇ. ಇನ್ನೊಂದು ತಂತಿಯಲ್ಲಿ ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್. ಅದರ ಕೆಲಸ ‘ಈಗ ಏಳು’ ಎಂದು ಹೇಳುವುದಷ್ಟೇ. ಅಂಗಡಿಯಲ್ಲಿ ಸಿಗುವ ಸೆಟ್‌ಗಳಲ್ಲಿ ಮೊದಲನೆಯದು ಹಳದಿ, ಎರಡನೆಯದು ಕೆಂಪು. ಬಂದ ಕರೆಂಟು ಕಾರಿನ ಬಾಡಿಯ ಮೂಲಕ ಬ್ಯಾಟರಿಯ ಮೈನಸ್ಸಿಗೆ ಮರಳುವ ತಂತಿ, ಅಂದರೆ ಅರ್ತ್, ಕಪ್ಪು. ಕಂಪನಿ ವೈರಿಂಗ್‌ನಲ್ಲಿ ಬಣ್ಣಗಳು ಬೇರೆ ಇರಬಹುದು, ಆದರೆ ಲೆಕ್ಕ ಇದೇ.

ಹೊಂಡದಲ್ಲಿ ಕೆಂಪು ತಂತಿ ಕಡಿದಿದ್ದರೆ ಸೆಟ್ ಆರುತ್ತಿತ್ತು, ಆದರೆ ಗಡಿಯಾರ ಸರಿಯಾಗಿಯೇ ಇರುತ್ತಿತ್ತು. ನಿಮ್ಮಲ್ಲಿ ಗಡಿಯಾರವೂ ಹೋಗುತ್ತಿದೆ. ಅಂದರೆ ಹಳದಿ ಇಲ್ಲವೇ ಕಪ್ಪು, ಎರಡರಲ್ಲಿ ಒಂದು ಕ್ಷಣಕಾಲ ಕೈಬಿಡುತ್ತಿದೆ. ಸೆಟ್ಟಿನ ಹಿಂದೆ ವೈರುಗಳನ್ನೆಲ್ಲ ಒಟ್ಟಿಗೆ ಸಿಕ್ಕಿಸುವ ಕಪ್ಲರ್ ಇರಬಹುದು, ಫ್ಯೂಸ್ ಕೂರುವ ಜಾಗ ಇರಬಹುದು, ಬಾಡಿಗೆ ಅರ್ತ್ ಕೊಟ್ಟಿರುವ ಸ್ಕ್ರೂ ಇರಬಹುದು, ಬ್ಯಾಟರಿಯ ತಲೆಯೇ ಸಡಿಲವಿರಬಹುದು. ಸೆಟ್ಟಿನೊಳಗಿನ ದೋಷ ಸಾಧ್ಯವೇ ಇಲ್ಲವೆಂದು ಹೇಳುತ್ತಿಲ್ಲ. ಹಿಂಬದಿಯ ಸಾಕೆಟ್ಟಿನ ಪಿನ್‌ಗಳನ್ನು ಒಳಗಿನ ಬೋರ್ಡಿಗೆ ಬೆಸೆದಿರುವಲ್ಲಿ, ವರ್ಷಗಟ್ಟಲೆ ಅದುರಿದ ಮೇಲೆ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬರುತ್ತದೆ. ಅದು ಕಾರಣವಾಗಿದ್ದರೂ ಔಷಧಿ ಬೆಸುಗೆ ಕಡ್ಡಿಯೇ, ಹೊಸ ಸೆಟ್ ಅಲ್ಲ.

ಈ ಕಾಯಿಲೆ ಮಳೆಗಾಲದಲ್ಲೇ ಶುರುವಾದದ್ದರಲ್ಲಿ ಆಶ್ಚರ್ಯವಿಲ್ಲ. ನಿಮ್ಮ ಶಿರಸಿಯ ಕಡೆ ಆರಿದ್ರಾ ಮಳೆ ಹಿಡಿದರೆ ಬಟ್ಟೆ ಒಣಗುವುದಿಲ್ಲ, ಗೋಡೆಗೆ ಬೂಷ್ಟು ಹತ್ತುತ್ತದೆ. ಡ್ಯಾಶ್‌ಬೋರ್ಡಿನ ಒಳಗೂ ಅದೇ ಹವೆ. ಘಟ್ಟ ಇಳಿದು ಕುಮಟಾಕ್ಕೆ ಬಂದರೆ ಅದಕ್ಕೆ ಸಮುದ್ರದ ಉಪ್ಪು ಸೇರುತ್ತದೆ. ತಂಪು ಮಾಡಿದ ಕಾರಿನ ಬಾಗಿಲನ್ನು ಕರಾವಳಿಯ ಸೆಕೆಗೆ ತೆರೆದಾಗ ಒಳಗಿನ ಲೋಹದ ಮೇಲೆ ನೀರಿನ ಪಸೆ ಕೂರುತ್ತದೆ. ತಾಮ್ರದ ತಂತಿಗೆ ಹಸಿರು ಹಿಡಿಯುವುದಕ್ಕೆ ಇಷ್ಟು ಸಾಕು. ಅಡಿಕೆ ತೋಟ ಇರುವವರಿಗೆ ಆ ಬಣ್ಣದ ಪರಿಚಯ ಹೇಳಬೇಕಾಗಿಲ್ಲ, ಕೊಳೆ ಔಷಧಿಗೆ ಕಲಸುವ ಮೈಲುತುತ್ತಕ್ಕೆ ಹತ್ತಿರದ ಹಸಿರು-ನೀಲಿ. ದೇವರ ಮನೆಯ ತಾಮ್ರದ ತಂಬಿಗೆಗೆ ಹಿಡಿದರೆ ಅದನ್ನು ಕಿಲುಬು ಎಂದು ಹುಣಿಸೆಹಣ್ಣು ಹಚ್ಚಿ ಉಜ್ಜುತ್ತೇವೆ. ಕಪ್ಲರಿನೊಳಗೆ ಹಿಡಿದರೆ ಸೆಟ್ ಸತ್ತಿತು ಎನ್ನುತ್ತೇವೆ.

ಈ ಪಾಠ ನನಗೆ ಕಲಿಸಿದ್ದು ಕಾರವಾರದ ಒಬ್ಬ ಗಿರಾಕಿಯ ಕಾರು. ಕಸುಬು ಹಿಡಿದ ಹೊಸತು. ಅವರ ಸೆಟ್ಟೂ ನಿಮ್ಮದರಂತೆಯೇ ಆರಿ ಹತ್ತುತ್ತಿತ್ತು. ಮೀಟರ್ ಹಿಡಿದು ನೋಡಿದೆ, 12 ವೋಲ್ಟ್ ಸರಿಯಾಗಿಯೇ ಬರುತ್ತಿದೆ. ಸೆಟ್ ಕೆಟ್ಟಿದೆ ಎಂದು ತೀರ್ಪು ಕೊಟ್ಟು ಹೊಸದು ಹಾಕಿದೆ. ನಾಲ್ಕನೆಯ ದಿನ ಹೊಸ ಸೆಟ್ಟೂ ಆರಿತು. ಕೊನೆಗೆ ಮುಂದಿನ ಸೀಟಿನ ಕೆಳಗೆ ಮ್ಯಾಟ್ ಎತ್ತಿದಾಗ ಒಳಗಿನ ಫೆಲ್ಟ್ ಒದ್ದೆ, ಮೂಗಿಗೆ ಬಡಿಯುವ ಮೀನಿನ ವಾಸನೆ. ಭಾನುವಾರ ಭಾನುವಾರ ಬೈತಖೋಲ ಬಂದರಿನಿಂದ ಮೀನು ತಂದು ಕಾಲಬುಡದಲ್ಲಿ ಇಡುತ್ತಿದ್ದರಂತೆ. ಮಂಜುಗಡ್ಡೆ ಕರಗಿದ ಉಪ್ಪುನೀರು ಫೆಲ್ಟಿನಡಿಗೆ ಇಳಿದು, ಬಾಗಿಲ ಹೊಸ್ತಿಲ ಪಕ್ಕದ ಅರ್ತ್ ಸ್ಕ್ರೂವನ್ನು ತಿಂದುಹಾಕಿತ್ತು. ಸ್ಕ್ರೂವಿನ ತಲೆ ಬೆರಳಲ್ಲಿ ಹಿಡಿದರೆ ಪುಡಿಯಾಯಿತು. ಹೊಸ ಸೆಟ್ ತೆಗೆದು ಹಳೆಯದನ್ನೇ ಹಾಕಿ, ದುಡ್ಡು ವಾಪಸು ಕೊಟ್ಟೆ.

ಮೀಟರ್ ನನಗೆ ಸುಳ್ಳು ಹೇಳಿರಲಿಲ್ಲ, ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ಹತ್ತಿಪ್ಪತ್ತು ಎಳೆಯ ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರಿನಲ್ಲಿ 12 ವೋಲ್ಟ್ ಕಾಣುತ್ತದೆ. ಮೀಟರ್ ಕರೆಂಟನ್ನು ಎಳೆಯುವುದೇ ಇಲ್ಲ. ಹಾಗಾಗಿ ಇಂದಿಗೂ ನನ್ನ ಮೇಜಿನಲ್ಲಿ ಮೀಟರಿಗಿಂತ ಹೆಚ್ಚು ಸವೆದಿರುವ ಉಪಕರಣವೆಂದರೆ ಇಂಡಿಕೇಟರಿನ 21 ವ್ಯಾಟ್ ಬಲ್ಬು, ಅದಕ್ಕೆ ಬೆಸೆದ ಎರಡು ತಂತಿ. ಅದು ಹೆಚ್ಚುಕಡಿಮೆ ಒಂದೂ ಮುಕ್ಕಾಲು ಆಂಪಿಯರ್ ಎಳೆಯುತ್ತದೆ. ಕಪ್ಲರಿನ ಹಳದಿಗೂ ಕಪ್ಪಿಗೂ ಹಿಡಿದರೆ ಕಣ್ಣು ಕುಕ್ಕುವಂತೆ ಉರಿಯಬೇಕು. ಮಂಕಾಗಿ ಕೆಂಪಗೆ ಉರಿದರೆ, ಅಥವಾ ವೈರಿನ ಕಟ್ಟನ್ನು ಅಲುಗಿಸಿದಾಗ ಮಿಣುಕಿದರೆ ದೋಷ ಕೈಗೆ ಸಿಕ್ಕಂತೆ.

ಇನ್ನು ನೀವು ಮಾಡಬೇಕಾದದ್ದು. ಒಂದು ಬೆಳಗಿನ ಕೆಲಸ, ನಿಮಗೇ ಸ್ಕ್ರೂಡ್ರೈವರ್ ಹಿಡಿದು ರೂಢಿ ಇಲ್ಲದಿದ್ದರೆ ಊರಿನ ಆಟೋ ಎಲೆಕ್ಟ್ರಿಷಿಯನ್ ಮುಂದೆ ಈ ಉತ್ತರ ಇಡಿ. ಬ್ಯಾಟರಿಯಿಂದ ಶುರು ಮಾಡಿ. ಅದರ ತಲೆಗೆ ವೈರು ಹಿಡಿಸಿದ ಕ್ಲ್ಯಾಂಪನ್ನು ಕೈಯಲ್ಲಿ ತಿರುಚಿ ನೋಡಿ, ಒಂದು ಕೂದಲಿನಷ್ಟೂ ಅಲುಗಬಾರದು. ಬಿಳಿ-ನೀಲಿ ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಕಲಸಿದ ಬಿಸಿನೀರು ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ, ಒರೆಸಿ, ಬಿಗಿಮಾಡಿ, ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, ಇಂಜಿನ್ ಓಡುವಾಗ 13.8ರಿಂದ 14.4. ಆಮೇಲೆ ಫ್ಯೂಸ್. ಸುಟ್ಟಿದೆಯೇ ಎಂದು ನೋಡುವುದರ ಜೊತೆಗೆ, ಅದರ ಕಾಲುಗಳು ಕಪ್ಪಾಗಿವೆಯೇ, ಕೂರಿಸಿದರೆ ಬಿಗಿಯಾಗಿ ಹಿಡಿಯುತ್ತದೆಯೇ ಎಂಬುದನ್ನೂ ನೋಡಿ. ಬದಲಿಸುವುದಾದರೆ ಅದೇ ಅಂಕಿಯದನ್ನೇ ಹಾಕಿ. ನೀಲಿ ಎಂದರೆ 15 ಆಂಪಿಯರ್, ಕೆಂಪು 10, ಹಳದಿ 20. ‘ಪದೇ ಪದೇ ಹೋಗುತ್ತದೆ, ದೊಡ್ಡದೇ ಇರಲಿ’ ಎಂದು ಹಾಕಿದವರ ಕಾರಿನಲ್ಲಿ ಮುಂದಿನ ಸಲ ಕರಗಿದ್ದು ವೈರು.

ಸೆಟ್ ಹೊರಗೆ ತೆಗೆಯುವ ಮುನ್ನ ಬ್ಯಾಟರಿಯ ಮೈನಸ್ ಬಿಚ್ಚಿ, ಕೆಲವು ನಿಮಿಷ ಕಾಯಿರಿ. ಡ್ಯಾಶ್‌ಬೋರ್ಡಿನ ಆಸುಪಾಸಿನಲ್ಲಿ ಏರ್‌ಬ್ಯಾಗಿನ ವೈರು ಇರುತ್ತದೆ, ಅದರ ಕಪ್ಲರ್ ಸಾಮಾನ್ಯವಾಗಿ ಹಳದಿ. ಅದಕ್ಕೆ ಕೈ ಹಾಕಬೇಡಿ, ಬಲ್ಬಿನ ಪರೀಕ್ಷೆಯನ್ನಂತೂ ಅದರ ಹತ್ತಿರ ಮಾಡಲೇಬೇಡಿ. ಕೆಲವು ಕಾರುಗಳಲ್ಲಿ ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಸೆಟ್ ಗುಪ್ತ ಸಂಖ್ಯೆ ಕೇಳುತ್ತದೆ, ಕಾರಿನ ಕೈಪಿಡಿಯೊಡನೆ ಬಂದ ಕಾರ್ಡು ಕಳೆದುಕೊಂಡವರು ಶೋರೂಮಿಗೆ ಅಲೆಯಬೇಕಾಗುತ್ತದೆ. ನಿಮಗೆ ಆ ಭಯವಿಲ್ಲ. ಘಟ್ಟದಲ್ಲಿ ಅಷ್ಟು ಸಲ ಕರೆಂಟ್ ಕಳೆದುಕೊಂಡೂ ನಿಮ್ಮ ಸೆಟ್ ಏನನ್ನೂ ಕೇಳಿಲ್ಲವೆಂದರೆ ಅದಕ್ಕೆ ಆ ಬೀಗವೇ ಇಲ್ಲ. ಸುತ್ತಲಿನ ಚೌಕಟ್ಟು ಎಬ್ಬಿಸಲು ಕಬ್ಬಿಣದ ಸ್ಕ್ರೂಡ್ರೈವರ್ ಬೇಡ, ಪ್ಲಾಸ್ಟಿಕ್ಕಿಗೆ ಗಾಯವಾಗುತ್ತದೆ. ಬಿದಿರಿನ ಚಕ್ಕೆಯನ್ನು ತೆಳ್ಳಗೆ ಕೆತ್ತಿಕೊಳ್ಳಿ, ಅಂಗಡಿಯ ಸಲಕರಣೆಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಚೌಕಟ್ಟು ಬಂದ ಮೇಲೆ ಸಾಮಾನ್ಯವಾಗಿ ನಾಲ್ಕು ಸ್ಕ್ರೂ, ಸೆಟ್ ಮುಂದಕ್ಕೆ ಜಾರುತ್ತದೆ. ಕಪ್ಲರ್ ಬಿಚ್ಚಿ ಬೆಳಕಿಗೆ ಹಿಡಿದು ಒಳಗಿನ ಪಿನ್‌ಗಳನ್ನು ನೋಡಿ. ಹೊಳೆಯುತ್ತಿದ್ದರೆ ಸರಿ. ಹಸಿರಾಗಿದ್ದರೆ, ಕಂದಿದ್ದರೆ, ಯಾವುದಾದರೂ ಒಂದು ಹಿಂದಕ್ಕೆ ಸರಿದು ಕೂತಿದ್ದರೆ ಅಲ್ಲೇ ನಿಮ್ಮ ಕಾಯಿಲೆ. ವೈರನ್ನು ಒಂದೊಂದಾಗಿ ಮೆಲ್ಲಗೆ ಹಿಂದಕ್ಕೆ ಎಳೆದು ನೋಡಿ, ಇಲಿ ಕಡಿದ ಗುರುತಿದೆಯೇ ಎಂದೂ ನೋಡಿ. ಅಡಿಕೆ ಚೀಲವಿರುವ ಕೊಟ್ಟಿಗೆಯಲ್ಲಿ ಕಾರು ನಿಲ್ಲಿಸುವವರಿಗೆ ಈ ಮಾತು ವಿಶೇಷವಾಗಿ. ಕಿಲುಬು ತೆಗೆಯಲು ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಎಂಬ ಸ್ಪ್ರೇ ಸಿಗುತ್ತದೆ, ಅದನ್ನೇ ಬಳಸಿ. ಪೆಟ್ರೋಲ್ ಬೇಡ, ಹುಣಿಸೆಹಣ್ಣಂತೂ ಬೇಡವೇ ಬೇಡ. ಅರ್ತಿನ ಸ್ಕ್ರೂ ಬಿಚ್ಚಿ, ಅದರಡಿಯ ತಗಡನ್ನು ಮರಳುಕಾಗದದಿಂದ ಹೊಳಪು ಬರುವಂತೆ ತಿಕ್ಕಿ, ಬಿಗಿಯಾಗಿ ಕೂರಿಸಿ. ಆಮೇಲೆ ಬ್ಯಾಟರಿ ಜೋಡಿಸಿ, ಕಪ್ಲರಿಗೆ ಆ ಬಲ್ಬು ಹಿಡಿದು ನೋಡಿ, ಕಪ್ಲರನ್ನು ಮತ್ತೆ ಸೆಟ್ಟಿಗೆ ಸಿಕ್ಕಿಸಿ, ಸೆಟ್ಟನ್ನು ಜೋರಾಗಿ ಹಾಡಿಸುತ್ತಾ ಸೆಟ್ಟಿನ ಲೋಹದ ಮೈಗೂ ಬ್ಯಾಟರಿಯ ಮೈನಸ್ಸಿಗೂ ಮೀಟರ್ ಹಿಡಿಯಿರಿ. 0.1 ವೋಲ್ಟಿಗಿಂತ ಕಡಿಮೆ ಬಂದರೆ ಅರ್ತ್ ಗಟ್ಟಿ. ಈ ಅಳತೆ ತೆಗೆಯುವಾಗ ಆಂಟೆನಾ ವೈರು ಕಿತ್ತಿರಲಿ. ಅರ್ತ್ ಸೋತ ಸೆಟ್ ಆಂಟೆನಾದ ಹೊರ ಜಾಲರಿಯಿಂದ ಕಳ್ಳದಾರಿ ಹುಡುಕಿಕೊಂಡು ಬದುಕಿರುವುದುಂಟು.

ಸ್ಪೀಕರಿನ ವಿಚಾರಕ್ಕೆ ಇಷ್ಟು ಕಷ್ಟವಿಲ್ಲ. ಬಾಗಿಲಿಗೂ ಬಾಡಿಗೂ ನಡುವೆ, ತಿರುಗಣಿಯ ಬಳಿ ಒಂದು ರಬ್ಬರ್ ಕೊಳವೆ ಇದೆ, ಅದರೊಳಗಿಂದ ವೈರು ಬಾಗಿಲಿಗೆ ಹೋಗುತ್ತದೆ. ಬಾಗಿಲು ತೆರೆದಾಗಲೆಲ್ಲ ಅದು ಬಾಗುತ್ತದೆ. ಎಲ್ಲಕ್ಕಿಂತ ಹೆಚ್ಚು ತೆರೆಯುವುದು ಚಾಲಕನ ಬಾಗಿಲು, ಆದ್ದರಿಂದ ಅಲ್ಲೇ ಮೊದಲು ಕಡಿಯುತ್ತದೆ. ಬಾಗಿಲು ತೆರೆದಾಗ ಕಡಿದ ತುದಿಗಳು ಕೂಡುತ್ತವೆ, ಹಾಡು ಬರುತ್ತದೆ. ಖಾತ್ರಿ ಬೇಕೆಂದರೆ ಬಾಗಿಲಿನ ಪ್ಯಾಡ್ ತೆಗೆದು, ಸ್ಪೀಕರಿನ ವೈರು ಕಳಚಿ, ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ಲನ್ನು ಅದರ ಎರಡು ತುದಿಗೆ ಕ್ಷಣ ಮಾತ್ರ ತಾಗಿಸಿ. ‘ಟಕ್’ ಎಂದು ಸದ್ದಾಗಿ ಸ್ಪೀಕರಿನ ಕಾಗದ ಜಿಗಿದರೆ ಸ್ಪೀಕರ್ ಬದುಕಿದೆ. 4 ಓಮಿನ ಸ್ಪೀಕರ್ ಮೀಟರಿನಲ್ಲಿ ನಾಲ್ಕಕ್ಕಿಂತ ಸ್ವಲ್ಪ ಕಡಿಮೆ, ಮೂರೂವರೆ ಆಸುಪಾಸು ತೋರಿಸುತ್ತದೆ, ಅದು ದೋಷವಲ್ಲ.

ಇದನ್ನು ಮುಂದೂಡಬೇಡಿ. ಈ ಸೆಟ್‌ಗಳಲ್ಲಿ ಸ್ಪೀಕರಿನ ಎರಡೂ ತಂತಿಗಳಲ್ಲಿ ಸುಮಾರು 6 ವೋಲ್ಟ್ ನಿಂತಿರುತ್ತದೆ, ಮೈನಸ್ ಎಂದು ಗುರುತಿಸಿದ ತಂತಿಯೂ ಅರ್ತ್ ಅಲ್ಲ. ಕಡಿದ ತುದಿ ಬಾಗಿಲಿನ ತಗಡಿಗೆ ತಾಗಿದರೆ ಆಂಪ್ಲಿಫೈಯರ್ ತನ್ನನ್ನು ಕಾಪಾಡಿಕೊಳ್ಳಲು ನಾಲ್ಕೂ ಸ್ಪೀಕರ್‌ಗಳ ಬಾಯಿ ಮುಚ್ಚಿಸುತ್ತದೆ. ಆಗ ಮತ್ತೊಬ್ಬರು ‘ಸೆಟ್ ಹೋಯಿತು’ ಎನ್ನುತ್ತಾರೆ. ಜೋಡಿಸುವಾಗ ಬರೀ ಹೊಸೆದು ಟೇಪ್ ಸುತ್ತುವುದಕ್ಕೆ ಒಪ್ಪಬೇಡಿ, ಮೇ ತಿಂಗಳ ಬಿಸಿಲಿಗೆ ಟೇಪಿನ ಅಂಟು ಜಿಡ್ಡಾಗಿ ಬಿಚ್ಚಿಕೊಳ್ಳುತ್ತದೆ. ಹೆಚ್ಚು ಎಳೆಗಳ ಮೆತ್ತನೆಯ ಹೊಸ ತುಂಡು ಹಾಕಿ, ಬೆಸುಗೆಯ ಗಂಟುಗಳು ಬಾಗುವ ಜಾಗದಿಂದ ಆಚೆ ಈಚೆ ಬರುವಂತೆ ನೋಡಿ, ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ ತೊಡಿಸಿ. ಪ್ಯಾಡಿನ ಹಿಂದೆ ಬಾಗಿಲಿಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯೊಂದು ಇರುತ್ತದೆ. ನೋಡಲು ಪ್ಯಾಕಿಂಗ್ ಕಸದಂತೆ ಕಾಣುವುದರಿಂದ ಬಹಳ ಜನ ಹರಿದು ಎಸೆಯುತ್ತಾರೆ. ಗಾಜಿನ ಮೇಲಿಂದ ಬಾಗಿಲಿನೊಳಗೆ ಇಳಿಯುವ ಮಳೆನೀರನ್ನು ತಡೆಯುವುದು ಅದೇ. ಅಂಟಿಸದೆ ಬಿಟ್ಟರೆ ನಮ್ಮ ಕಡೆಯ ಮಳೆಗೆ ಕಾಗದದ ಸ್ಪೀಕರ್ ನೆನೆದ ಹಪ್ಪಳವಾಗುತ್ತದೆ.

ಎಫ್‌ಎಂ ಬಗ್ಗೆ. ದೇವಿಮನೆಯ ತಿರುವುಗಳಲ್ಲಿ ಹಿಡಿಯದಿದ್ದರೆ ಯಾರನ್ನೂ ದೂರಬೇಡಿ, ಆ ಅಲೆಗಳು ನೇರ ದಾರಿಯವು, ಗುಡ್ಡ ಅಡ್ಡ ಬಂದರೆ ಮುಗಿಯಿತು. ಕತಗಾಲ ದಾಟಿ ಬಯಲಿಗೆ ಬಂದ ಮೇಲೂ ಕರಕರ ಎನ್ನುತ್ತಿದ್ದರೆ ಮೊದಲು ಸಿಗರೇಟ್ ಲೈಟರ್ ತೂತಿನಲ್ಲಿರುವ ಮೊಬೈಲ್ ಚಾರ್ಜರ್ ಕೀಳಿ. ಅಗ್ಗದ ಚಾರ್ಜರ್‌ಗಳು ತಾವೇ ಸಣ್ಣ ಪ್ರಸಾರ ಕೇಂದ್ರಗಳಂತೆ ಗದ್ದಲ ಎಬ್ಬಿಸುತ್ತವೆ. ಕರಕರ ಹಾಗೆಯೇ ಇದ್ದರೆ ಮಾಡಿನ ಮೇಲಿನ ಆಂಟೆನಾ ಕಡ್ಡಿ ತಿರುಗಿಸಿ ಬಿಚ್ಚಿ, ಅದರ ತಿರುಪಿನ ಸುರುಳಿಯ ಕಿಲುಬು ಒರೆಸಿ, ಮತ್ತೆ ಬಿಗಿಮಾಡಿ. ಬುಡದ ರಬ್ಬರ್ ಬಿರುಕು ಬಿಟ್ಟಿದ್ದರೆ ಬದಲಿಸಿ. ಅಲ್ಲಿಂದ ಇಳಿದ ನೀರು ಆಂಟೆನಾ ವೈರನ್ನೇ ಹಿಡಿದುಕೊಂಡು ಡ್ಯಾಶ್‌ಬೋರ್ಡಿನವರೆಗೆ ಬರುವುದನ್ನು ನಾನು ಕಂಡಿದ್ದೇನೆ. ನಿಮ್ಮ ಕಪ್ಲರಿನ ಹಸಿಗೂ ಎಫ್‌ಎಂ ಸೊರಗಿದ್ದಕ್ಕೂ ಮೂಲ ಒಂದೇ ಇರಬಹುದು.

ಇಷ್ಟೆಲ್ಲ ಆಗಿಯೂ ಸೆಟ್ಟೇ ಕೆಟ್ಟಿದೆ ಎಂದು ಸಾಬೀತಾದರೆ? ಒಳಗಿನ ಬೆಸುಗೆಯಾಗಿದ್ದರೆ, ಆಂಪ್ಲಿಫೈಯರಿನ ಚಿಪ್ (ಐಸಿ) ಆಗಿದ್ದರೆ, ಪರದೆಯ ಮೇಲಿನ ಸ್ಪರ್ಶದ ಗಾಜು ಮಾತ್ರ ಆಗಿದ್ದರೆ ರಿಪೇರಿ ಮಾಡಿಸಿ. ಸಿಡಿ ಓದುವ ಯಂತ್ರ ಕೆಟ್ಟಿದ್ದರೆ ಬಿಟ್ಟುಬಿಡಿ, ಅದಕ್ಕೆ ಹಾಕುವ ದುಡ್ಡು ನೀರಿಗೆ ಹಾಕಿದಂತೆ. ಮುಖ್ಯ ಬೋರ್ಡಿಗೇ ನೀರು ನುಗ್ಗಿ ಹಸಿರಾಗಿದ್ದರೆ ಆಗ ಹೊಸದರ ಮಾತು.

ಹೊಸದು ಕೊಳ್ಳುವಾಗ ಪರದೆಯ ಗಾತ್ರವನ್ನು ಕೊನೆಗೆ ಕೇಳಿ. ಹಳೆಯ ಕಾರುಗಳಲ್ಲಿ ಸೆಟ್ ಎಂದರೆ 180 ಮಿಲಿಮೀಟರ್ ಅಗಲ, 50 ಇಲ್ಲವೇ 100 ಎತ್ತರದ ಡಬ್ಬಿ, ಯಾವುದನ್ನು ಬೇಕಾದರೂ ತೂರಿಸಬಹುದಿತ್ತು. ಈಗಿನ ಸೆಟ್ಟಿಗೆ ಸ್ಟೀರಿಂಗ್ ಮೇಲಿನ ಗುಂಡಿಗಳು, ಹಿಂದಿನ ಕ್ಯಾಮೆರಾ, ಫೋನಿನ ಮೈಕ್, ಯುಎಸ್‌ಬಿ ತೂತು ಎಲ್ಲ ಜೋತುಬಿದ್ದಿವೆ. ಇವುಗಳಲ್ಲಿ ನಿಮ್ಮ ಕಾರಿನಲ್ಲಿ ಯಾವುವಿವೆಯೋ ಅವು ಪ್ರತಿಯೊಂದೂ ಹೊಸದರಲ್ಲಿ ನಡೆಯುತ್ತವೆಯೇ ಎಂದು ಹೆಸರು ಹಿಡಿದು ಕೇಳಿ, ದುಡ್ಡು ಕೊಡುವ ಮೊದಲು ಒತ್ತಿ ನೋಡಿ. ನಿಮ್ಮ ಕಾರಿಗೇ ಹೊಂದುವ ಕಪ್ಲರ್ ಹಾಕಿಸಿ, ಕಂಪನಿಯ ವೈರು ಕತ್ತರಿಸಲು ಬಿಡಬೇಡಿ. ಕತ್ತರಿಸಿದ ವೈರು ಕಂಡರೆ ವಾರಂಟಿ ಇರುವ ಕಾರುಗಳವರಿಗೆ ತಕರಾರು ಬರುತ್ತದೆ. ನಿಮಗೆ ವಾರಂಟಿ ಮುಗಿದಿದ್ದರೂ, ಡ್ಯಾಶ್‌ಬೋರ್ಡಿನ ಕತ್ತಲಲ್ಲಿ ಇನ್ನೂ ಹದಿನೈದು ಟೇಪ್ ಗಂಟು ಸೇರುವುದು ಯಾರಿಗೂ ಒಳ್ಳೆಯದಲ್ಲ. ಆಂಟೆನಾದ ಬುಡದಲ್ಲಿ ಸಣ್ಣ ಆಂಪ್ಲಿಫೈಯರ್ ಇರುವ ಕಾರುಗಳಿವೆ, ಅದಕ್ಕೆ ಸೆಟ್ಟಿನಿಂದಲೇ ವಿದ್ಯುತ್ ಹೋಗಬೇಕು. ಆ ಒಂದು ವೈರು ಜೋಡಿಸಲು ಮರೆತರೆ ಹೊಸ ಪರದೆ ಝಗಮಗಿಸುತ್ತದೆ, ಎಫ್‌ಎಂ ಸತ್ತಿರುತ್ತದೆ.

ಪೆಟ್ಟಿಗೆಯ ಮೇಲಿನ ‘50 ವ್ಯಾಟ್ ಗುಣಿಲೆ 4’ಕ್ಕೆ ಮರುಳಾಗಬೇಡಿ. 14.4 ವೋಲ್ಟಿನಲ್ಲಿ 4 ಓಮಿನ ಸ್ಪೀಕರಿಗೆ ಮಾಮೂಲಿ ಆಂಪ್ಲಿಫೈಯರ್ ಶುದ್ಧವಾಗಿ ಕೊಡಬಹುದಾದದ್ದು ಲೆಕ್ಕದಲ್ಲೇ ಹೆಚ್ಚೆಂದರೆ 26 ವ್ಯಾಟ್. ಸ್ವರ ಪೂರ್ತಿ ಒಡೆದು ಗೊರಗೊರ ಎಂದಾಗ ಬರುವ ಅಂಕಿಯನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿರುತ್ತಾರೆ. ನನ್ನನ್ನು ಕೇಳಿದರೆ ಪೂರ್ತಿ ಆಂಡ್ರಾಯ್ಡ್ ಪರದೆಗಿಂತ, ಫೋನ್ ಜೋಡಿಸಿದರೆ ಆಂಡ್ರಾಯ್ಡ್ ಆಟೋ ಅಥವಾ ಕಾರ್‌ಪ್ಲೇ ತೋರಿಸುವ ಹೆಸರುಳ್ಳ ಕಂಪನಿಯ ಸಾದಾ ಸೆಟ್ಟೇ ವಾಸಿ. ನಕ್ಷೆ, ಹಾಡು ಎಲ್ಲ ಫೋನಿನಲ್ಲೇ ಇವೆ, ಫೋನ್ ಬದಲಾದಂತೆ ಅದೂ ಹೊಸದಾಗುತ್ತಾ ಹೋಗುತ್ತದೆ. ಅಗ್ಗದ ಆಂಡ್ರಾಯ್ಡ್ ಸೆಟ್‌ಗಳಿಗೆ ಇನ್ನೊಂದು ಚಾಳಿ ಇದೆ, ಕೀಲಿ ತೆಗೆದ ಮೇಲೂ ಅರೆನಿದ್ರೆಯಲ್ಲಿ ಬ್ಯಾಟರಿ ಕುಡಿಯುತ್ತವೆ. ನಿಂತ ಕಾರು ಒಟ್ಟು 50 ಮಿಲಿ ಆಂಪಿಯರ್ ಒಳಗೆ ಎಳೆದರೆ ಚಿಂತೆಯಿಲ್ಲ. 300 ಎಳೆಯುವ ಸೆಟ್ ಹಾಕಿದರೆ ದಿನಕ್ಕೆ ಏಳು ಆಂಪಿಯರ್-ಗಂಟೆ ಹೋಯಿತು. ನಿಮ್ಮಂಥ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿ ಮೂರು ನಾಲ್ಕು ದಿನದಲ್ಲಿ ಇಂಜಿನ್ ತಿರುಗಿಸಲಾರದೆ ಕೈಚೆಲ್ಲುತ್ತದೆ. ವಾರಕ್ಕೆ ಎರಡೇ ಸಲ ಕಾರು ತೆಗೆಯುವ ನಿಮಗೆ ಇದು ಸಣ್ಣ ವಿಷಯವಲ್ಲ. ಅಳವಡಿಸಿದ ದಿನವೇ, ಕಾರು ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟು ಮೀಟರಿನಲ್ಲಿ ಅಳೆದು ತೋರಿಸಲು ಹೇಳಿ.

ಹುಬ್ಬಳ್ಳಿಗೋ ಗೋವೆಗೋ ಹಳೆಯ ಸೆಟ್ಟನ್ನು ಬಿಚ್ಚಿ ರಿಪೇರಿಗೆ ಕಳಿಸುವುದಾದರೆ ವಾರಗಟ್ಟಲೆ ಡ್ಯಾಶ್‌ಬೋರ್ಡ್ ಖಾಲಿ ಇರುತ್ತದೆ. ಅಪಾಯದ ದೀಪದ (ಹಜಾರ್ಡ್ ಲೈಟ್) ಗುಂಡಿ ಅದೇ ಚೌಕಟ್ಟಿನಲ್ಲಿದ್ದರೆ ಮರೆಯದೆ ಮತ್ತೆ ಜೋಡಿಸಿಯೇ ರಸ್ತೆಗೆ ಇಳಿಯಿರಿ, ದೇವಿಮನೆಯ ಮಂಜಿನಲ್ಲಿ ಅದು ಬೇಕಾಗುತ್ತದೆ. ಸೆಟ್ಟಿನ ಫ್ಯೂಸ್ ತೆಗೆದಿಡಿ, ಆದರೆ ಅದೇ ಫ್ಯೂಸಿನಿಂದ ಬೇರೆ ಯಾವುದಾದರೂ ದೀಪ ನಡೆಯುತ್ತಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಬರಿದಾದ ಕಪ್ಲರ್‌ಗಳಿಗೆ ಒಂದೊಂದು ಸಣ್ಣ ಪ್ಲಾಸ್ಟಿಕ್ ಚೀಲ ಕಟ್ಟಿ, ಗೂಡಿನೊಳಗೆ ಒಣ ಬಟ್ಟೆ ತುರುಕಿ. ಇಲ್ಲದಿದ್ದರೆ ಕುಮಟಾ ತಲುಪುವವರೆಗೂ ಕಟಕಟ ಸದ್ದು ಕೇಳುತ್ತಾ ಕೂರಬೇಕಾಗುತ್ತದೆ.